ಎಣಿಕೆಗೆ ಸಿಗದ ಕೂಸುಗಳು

(ಸಂಘದ ಮಹಿಳಾ ವಿಭಾಗ ಮುಂಬಯಿಯಲ್ಲಿ ಏರ್ಪಡಿಸಿದ್ದ ವಿಚಾರಸಂಕಿರಣದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



‘ಹೊರನಾಡು ಮತ್ತು ಕನ್ನಡ ಕುಟುಂಬ’ ಎಂಬ ವಿಷಯವನ್ನು ಸಂಘಟಕರು ನನಗೆ ವಹಿಸಿದ್ದಾರೆ. ಈ ಮಾತು ಕಿವಿಗೆ ಬಿದ್ದೊಡನೆ ನಮ್ಮೆಲ್ಲರ ಮನಸ್ಸಿಗೆ ಬರುವುದು ಒಂದೇ ಕೊರಗು: ಮೊಮ್ಮಕ್ಕಳ ಬಾಯಲ್ಲಿ ಕನ್ನಡ ಉಳಿಯಲಿಲ್ಲವಲ್ಲ ಎಂಬುದು. ಆ ಕೊರಗು ನನ್ನದೂ ಹೌದು. ಆದರೆ ನಾನು ಇಂದು ಮಾತನಾಡಬೇಕೆಂದಿರುವುದು, ಕನ್ನಡವನ್ನು ಇನ್ನೂ ಕಳೆದುಕೊಳ್ಳದ, ಬೇರೆ ಭಾಷೆಯೇ ಬಾರದಿರುವುದರಿಂದ ಕಷ್ಟಕ್ಕೆ ಸಿಲುಕಿರುವ ಕುಟುಂಬಗಳ ಬಗ್ಗೆ. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರಗಳಿಂದ ಬಂದು ಮುಂಬಯಿ, ಪುಣೆ, ಹೈದರಾಬಾದು, ಗೋವೆಗಳಲ್ಲಿ ನಾವು ವಾಸಿಸುವ ಕಟ್ಟಡಗಳನ್ನು ಕಟ್ಟುತ್ತಿರುವ ತಂದೆತಾಯಂದಿರು ಅವರು. ಅವರ ಹಸುಗೂಸುಗಳನ್ನು ದಿನವಿಡೀ ನೋಡಿಕೊಳ್ಳುವವರು ಯಾರು ಎಂಬುದಷ್ಟೇ ನನ್ನ ಪ್ರಶ್ನೆ.

ನಮ್ಮ ಸಂಘಗಳಿಗೆ ಈ ಪ್ರಶ್ನೆ ಹೊಸದೇನಲ್ಲ. ಕೋಟೆ ಪರಿಸರದ ಕನ್ನಡ ರಾತ್ರಿಶಾಲೆಗಳು ಹುಟ್ಟಿದ್ದು ಏತಕ್ಕೆ? ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಹತ್ತು-ಹನ್ನೆರಡರ ಹುಡುಗರು ಹೊಟೇಲುಗಳಿಗೆ ಬಂದಿಳಿದರು. ಹಗಲಿಡೀ ಲೋಟ ತೊಳೆದು ಮೇಜು ಒರೆಸಿದ ಆ ಹುಡುಗರಿಗೆ ಇಲ್ಲಿ ತಂದೆಯಿರಲಿಲ್ಲ, ತಾಯಿಯಿರಲಿಲ್ಲ. ದೀಪದ ಕೆಳಗೆ ಅವರನ್ನು ಕೂರಿಸಿ ಓದಿಸಿದವರು ಈ ಊರಿನ ಕನ್ನಡಿಗರೇ. ಅವರನ್ನು ದುಡಿಸಿಕೊಂಡವರಲ್ಲಿಯೂ ನಮ್ಮವರೇ ಹೆಚ್ಚಿನವರೆಂಬುದನ್ನು ಮರೆಯಬೇಕಾಗಿಲ್ಲ. ಅದೇನೇ ಇರಲಿ, ರಾತ್ರಿಶಾಲೆಗೆ ಒಂದು ಗುಣವಿತ್ತು: ಅದು ಹುಡುಗನ ದಿನಚರಿಯನ್ನು ನೋಡಿ ತನ್ನ ವೇಳೆಯನ್ನು ಗೊತ್ತುಮಾಡಿಕೊಂಡಿತು. ಶಾಲೆಯ ಗಂಟೆಗೆ ಹುಡುಗ ಹೊಂದಿಕೊಳ್ಳಲಾರನೆಂದು ತಿಳಿದಾಗ ಗಂಟೆಯನ್ನೇ ರಾತ್ರಿಗೆ ತಂದರು. ಈ ಬುದ್ಧಿವಂತಿಕೆಯನ್ನು ತಾವು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಇದರ ಮಾತು ಮತ್ತೆ ಬರುತ್ತದೆ.

ಮುನಿಸಿಪಲ್ ಕನ್ನಡ ಶಾಲೆಯಲ್ಲಿ ಮೂರು ದಶಕ ಪಾಠ ಹೇಳಿ ನಿವೃತ್ತಳಾದವಳು ನಾನು. ಕಳೆದ ಚಳಿಗಾಲದಲ್ಲಿ ಪನವೇಲಿನಾಚೆಯ ಕೆಲವು ಕಟ್ಟಡದ ನೆಲೆಗಳಿಗೆ ಹೋಗಿ ಬಂದೆ. ಪತ್ರಾ ಹೊದಿಸಿದ ಗೂಡುಗಳ ಒಂದು ಸಾಲು, ನೀರಿನ ಒಂದು ಟ್ಯಾಂಕರು, ಎರಡು ಕಬ್ಬಿಣದ ಸಲಾಕೆಗಳ ನಡುವೆ ಕಟ್ಟಿದ ಸೀರೆಯ ಜೋಲಿ. ಅದನ್ನು ತೂಗುತ್ತಿದ್ದ ಎಂಟೊಂಬತ್ತರ ಹುಡುಗಿಯನ್ನು ಮಾತನಾಡಿಸಿದೆ. “ಅವ್ವ ಸ್ಲ್ಯಾಬಿನ ಮ್ಯಾಲ ಅದಾಳ್ರಿ, ಅಕ್ಕಾರ” ಎಂದಳು. ಎಷ್ಟನೆಯ ತರಗತಿ ಎಂದು ಕೇಳಿದೆ. “ಊರಾಗ ಮೂರನೇತ್ತ ಇದ್ದೆರಿ” ಎಂದು ಭೂತಕಾಲದಲ್ಲಿ ಉತ್ತರಿಸಿದಳು. ಆ ಗೂಡುಗಳಲ್ಲಿ ಮಕ್ಕಳ ಪಾಲನೆಯ ಸೇವೆಯೆಂದು ಇರುವುದು ಅವಳೊಬ್ಬಳೇ.

ಇನ್ನು ಸರಕಾರದ ಏರ್ಪಾಡುಗಳೇನು ಎಂಬುದನ್ನು ನೋಡೋಣ. ಅಂಗನವಾಡಿ ಮತ್ತು ಶಿಶುಪಾಲನಾ ಕೇಂದ್ರ ಎರಡೂ ಒಂದೇ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಒಂದೇ ಅಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಅಂಗನವಾಡಿ ಈ ಯೋಜನೆಯ ಕೂಸು. ಮೂರರಿಂದ ಆರು ವರ್ಷದ ಮಕ್ಕಳು ಅಲ್ಲಿಗೆ ಬಂದು ಕೆಲವು ಗಂಟೆ ಆಡಿ, ಕಲಿತು, ಉಂಡು ಹೋಗುತ್ತಾರೆ. ಮೂರು ವರ್ಷಕ್ಕೆ ಕೆಳಗಿನ ಕೂಸಿಗೆ ಸಾಮಾನ್ಯವಾಗಿ ಸಿಗುವುದು ತೂಕ ನೋಡುವ ತಕ್ಕಡಿ, ಮನೆಗೆ ಒಯ್ಯುವ ಆಹಾರದ ಪೊಟ್ಟಣ ಮತ್ತು ಚುಚ್ಚುಮದ್ದಿನ ನೆನಪು. ದಿನವಿಡೀ ಅದನ್ನು ಎತ್ತಿ ಆಡಿಸುವ ಹೊಣೆ ಅಂಗನವಾಡಿಯದಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಗಾರೆ ಹೊರಲು ಹತ್ತಿ ಸಂಜೆ ಆರಕ್ಕೆ ಇಳಿಯುವ ತಾಯಿಗೆ ಬೇಕಾದದ್ದು ಆ ಒಂಬತ್ತು ಗಂಟೆಗಳ ಆಸರೆ. ಅದನ್ನು ಕೊಡಬಲ್ಲದ್ದು ಶಿಶುಪಾಲನಾ ಕೇಂದ್ರ.

ಇದನ್ನು ಕಂಡುಕೊಂಡು ಕಾರ್ಯಗತ ಮಾಡಿದವರಲ್ಲಿ ಮೀರಾ ಮಹಾದೇವನ್ ಅವರ ಹೆಸರು ಮೊದಲು ನಿಲ್ಲುತ್ತದೆ. 1969ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಗಾಗಿ ದೆಹಲಿಯ ರಾಜಘಾಟದ ಬಳಿ ಪ್ರದರ್ಶನದ ಕಟ್ಟಡಗಳು ಏಳುತ್ತಿದ್ದಾಗ, ಧೂಳಿನಲ್ಲಿ ಬಿದ್ದಿದ್ದ ಕೂಲಿಕಾರರ ಕೂಸುಗಳಿಗಾಗಿ ಒಂದು ಡೇರೆಯಲ್ಲಿ ಅವರು ಆರಂಭಿಸಿದ ಕೆಲಸವೇ ‘ಮೊಬೈಲ್ ಕ್ರೆಶಸ್’. ಮುಂದೆ ಅದು ಮುಂಬಯಿಗೂ ಪುಣೆಗೂ ಬಂತು. ಹೆಸರಿನಲ್ಲಿಯೇ ಅದರ ಮರ್ಮವಿದೆ. ಕಟ್ಟಡ ಮುಗಿದೊಡನೆ ಕೂಲಿಕಾರರು ಮುಂದಿನ ನೆಲೆಗೆ ಹೋಗುತ್ತಾರೆ, ಕೇಂದ್ರವೂ ಅವರ ಹಿಂದೆ ಹೋಗುತ್ತದೆ. ನಮ್ಮ ರಾತ್ರಿಶಾಲೆ ವೇಳೆಯನ್ನು ಬದಲಿಸಿಕೊಂಡಿತು, ಇದು ಜಾಗವನ್ನು.

ಕಾನೂನೂ ಸುಮ್ಮನಿರಲಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯಿದೆಯು, 50ಕ್ಕಿಂತ ಹೆಚ್ಚು ಹೆಣ್ಣಾಳುಗಳು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ ಗಾಳಿ ಬೆಳಕಿನ ಕೋಣೆಯನ್ನೂ ತರಬೇತಾದ ಹೆಂಗಸನ್ನೂ ಒದಗಿಸಬೇಕೆಂದಿತು. ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರ ಕರವೂ ಕಾರ್ಮಿಕರ ಕಲ್ಯಾಣಕ್ಕೆಂದು ಬಂತು. ಆದರೆ ಆ ‘50 ಹೆಣ್ಣಾಳು’ ಎಂಬ ಸಂಖ್ಯೆಯಲ್ಲಿಯೇ ತೊಡಕಿತ್ತು. ಗುತ್ತಿಗೆದಾರನ ಕೆಳಗೆ ಮುಕಾದಮ, ಅವನ ಕೆಳಗೆ ಇನ್ನೊಬ್ಬ. ಒಬ್ಬೊಬ್ಬನ ಪಟ್ಟಿಯಲ್ಲಿ ಹತ್ತೋ ಹದಿನೈದೋ ಜನ. ಗಂಡಹೆಂಡಿರಿಗೆ ಜೋಡಿ ಕೂಲಿ ಎಂದಾದಾಗ ಹೆಸರು ಬರುವುದು ಗಂಡನದು. ಮಹಾರಾಷ್ಟ್ರದ ಕಬ್ಬು ಕಡಿಯುವವರಲ್ಲಿ ಇಬ್ಬರೂ ಸೇರಿ ಒಂದೇ ‘ಕೊಯ್ತಾ’ ಎನಿಸುವುದನ್ನು ತಾವು ಬಲ್ಲಿರಿ, ಇಲ್ಲಿಯ ಲೆಕ್ಕವೂ ಅದರ ತಮ್ಮನೇ. ಹೀಗೆ ನೂರು ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತಲ್ಲಿಯೂ ಕಾಗದದ ಮೇಲೆ ಐವತ್ತೊಂದನೆಯವಳು ಹುಟ್ಟುವುದೇ ಇಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಹೊಸ ಕಾರ್ಮಿಕ ಸಂಹಿತೆಯಲ್ಲಿ ಹೆಂಗಸರನ್ನಲ್ಲ, ಒಟ್ಟು ಕಾರ್ಮಿಕರನ್ನು ಎಣಿಸುವ ಮಾತಿದೆ. ಇದು ಒಳ್ಳೆಯದೇ. ಆದರೂ ಎಣಿಸುವವನು ಅದೇ ಗುತ್ತಿಗೆದಾರನಾದರೆ ಫಲವೆಷ್ಟು ಎಂಬ ಶಂಕೆ ನನಗಿದೆ.

ಇನ್ನೊಂದು ಸಂಖ್ಯೆಯಿದೆ, ಅದು ನಮ್ಮ ಕೈಗೆಟಕುವಂಥದು. 2006ರ ಡಿಸೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು, ಹಳ್ಳಿಯೇ ಆಗಲಿ ಕೊಳೆಗೇರಿಯೇ ಆಗಲಿ, ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದಿದ್ದಲ್ಲಿ, ಜನ ಕೇಳಿದ ಮೂರು ತಿಂಗಳೊಳಗೆ ಅಂಗನವಾಡಿ ತೆರೆಯಬೇಕೆಂದು ಆದೇಶಿಸಿತು. ಜನ ಕೇಳಿದರೆ, ಎಂದಿದೆ ಆದೇಶ. ಕೇಳುವವರು ಯಾರು? ಯಾವ ಕಚೇರಿಗೆ ಹೋಗಬೇಕೆಂಬುದು ಆ ತಾಯಿಗೆ ತಿಳಿಯದು, ಮರಾಠಿಯಲ್ಲಿ ಅರ್ಜಿ ಬರೆಯಲು ಬಾರದು, ಒಂದು ದಿನ ಬಿಟ್ಟರೆ ಕೂಲಿ ಹೋಯಿತು. ಜೊತೆಗೆ 2022ರಿಂದ ‘ಪಾಲನಾ’ ಯೋಜನೆಯಲ್ಲಿ ಅಂಗನವಾಡಿಗೇ ಶಿಶುಪಾಲನಾ ಕೇಂದ್ರವನ್ನು ಸೇರಿಸುವ ಅವಕಾಶವಾಗಿದೆ. ಅಂಗನವಾಡಿಯೇ ಇಲ್ಲದಲ್ಲಿ ಏನನ್ನು ಏತಕ್ಕೆ ಸೇರಿಸುವುದು? ಆದುದರಿಂದ ನಲವತ್ತು ಮಕ್ಕಳನ್ನು ಹೆಸರು ವಯಸ್ಸುಗಳೊಡನೆ ಪಟ್ಟಿ ಮಾಡುವುದು ಮೊದಲ ಹೆಜ್ಜೆ.

ಇಲ್ಲಿ ಒಂದು ವಿಪರ್ಯಾಸವನ್ನು ಹೇಳಬೇಕು. ಊರಿನಲ್ಲಿಯೇ ಉಳಿದ ತಾಯಂದಿರಿಗಾಗಿ ಕರ್ನಾಟಕ ಸರಕಾರ 2023-24ರ ಆಯವ್ಯಯದಲ್ಲಿ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ಘೋಷಿಸಿತು. ಹೆಸರು ಕೇಳಿಯೇ ನನಗೆ ಸಂತೋಷವಾಯಿತು, ಸರಕಾರಿ ಯೋಜನೆಗೆ ಇಷ್ಟು ಚೆಂದದ ಕನ್ನಡ ಹೆಸರು ಅಪರೂಪ. ಆದರೆ ಮಳೆ ಕೈಕೊಟ್ಟು ಬಸ್ಸು ಹತ್ತಿದವಳು ಅದನ್ನು ಹಿಂದೆ ಬಿಟ್ಟೇ ಬರುತ್ತಾಳೆ. ಅವಳ ಜೊತೆ ಬರುವುದು ಒಂದು ಮಡಚಿದ ‘ತಾಯಿ ಕಾರ್ಡು’. ಕೂಸಿಗೆ ಆರು, ಹತ್ತು, ಹದಿನಾಲ್ಕು ವಾರಗಳಲ್ಲಿ ಏನೇನು ಹಾಕಿಸಿದೆ, ಒಂಬತ್ತು ತಿಂಗಳಿನ ದಡಾರದ ಚುಚ್ಚುಮದ್ದು ಆಯಿತೋ ಇಲ್ಲವೋ ಎಂಬುದೆಲ್ಲ ಅದರಲ್ಲಿ ಕನ್ನಡದಲ್ಲಿದೆ. ಇಲ್ಲಿಯ ದಾದಿಗೆ ಕನ್ನಡ ಓದಲು ಬರುವುದಿಲ್ಲ. ನಮ್ಮ ಸಂಘದಲ್ಲಿ ಕನ್ನಡವನ್ನೂ ಮರಾಠಿಯನ್ನೂ ಸಮನಾಗಿ ಓದಬಲ್ಲವರು ನೂರಾರು ಮಂದಿ ಇದ್ದಾರೆ. ಎರಡು ಭಾಷೆ ಬಲ್ಲ ಹೊರನಾಡ ಕನ್ನಡಿಗನಿಗೆ ಇದಕ್ಕಿಂತ ಯೋಗ್ಯವಾದ ಕೆಲಸ ಯಾವುದಿದೆಯೋ ನನಗೆ ತಿಳಿಯದು. ಅಂಗನವಾಡಿಯ ಸೇವಿಕೆಯನ್ನು ಮಾತ್ರ ನಾವು ಎದುರಾಳಿಯೆಂದು ಭಾವಿಸಬಾರದು. ಅವಳಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಆಕೆಗೂ ಗ್ರಾಚ್ಯುಯಿಟಿಯ ಹಕ್ಕಿದೆಯೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಬೇಕಾಯಿತು.

ಜೋಲಿ ತೂಗುತ್ತಿದ್ದ ಹುಡುಗಿಯ ವಿಷಯವನ್ನು ಇನ್ನಷ್ಟು ಹೇಳದೆ ಮುಂದೆ ಹೋಗಲಾರೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಆರರಿಂದ ಹದಿನಾಲ್ಕರವರೆಗಿನ ಮಗುವಿಗೆ ಶಾಲೆ ಅದರ ಹಕ್ಕು. ಅವಳನ್ನು ಶಾಲೆಗೆ ಸೇರಿಸಬೇಕೆಂದು ಹೇಳುವ ಸಜ್ಜನರು ಬೇಕಾದಷ್ಟಿದ್ದಾರೆ. ಶಾಲೆಗೆ ಹೋದರೆ ತಮ್ಮನನ್ನು ಯಾರು ನೋಡಬೇಕು? ಕಂಕುಳಲ್ಲಿ ಕೂಸಿರುವ ತನಕ ಆ ಹಕ್ಕು ಅವಳ ಪಾಲಿಗೆ ಗೋಡೆಯ ಮೇಲಿನ ಬರಹ. ಕೂಸಿಗೊಂದು ಪಾಲನಾ ಕೇಂದ್ರವಾದರೆ ಅವ್ವನಿಗೆ ಕೂಲಿ ಉಳಿಯುತ್ತದೆ, ಅಕ್ಕನಿಗೆ ಶಾಲೆ ಸಿಗುತ್ತದೆ. ಶಾಲೆಯಲ್ಲಿ ಮೂವತ್ತು ವರ್ಷ ಹಾಜರಿ ಕರೆದವಳಿಗೆ, ಗೈರುಹಾಜರಿಯ ಕಾರಣ ಜೋಲಿಯಲ್ಲಿ ಮಲಗಿರುವುದು ಕಂಡಿತು.

ಕೆಲವರು ಕೇಳಬಹುದು, ಇದೆಲ್ಲ ಸರಕಾರದ ಕೆಲಸವಲ್ಲವೇ ಎಂದು. ಹೌದು. ಸಂಘವೇ ಒಂದು ಶಿಶುಪಾಲನಾ ಕೇಂದ್ರವನ್ನು ತೆರೆಯಬೇಕೆಂದು ನಾನು ಹೇಳುತ್ತಿಲ್ಲ, ಹೇಳಿದರೆ ವಿರೋಧಿಸುವವರಲ್ಲಿ ನಾನೇ ಮೊದಲಿಗಳು. ಹಸುಗೂಸುಗಳನ್ನು ಸಾಕುವುದು ಸಮ್ಮೇಳನ ನಡೆಸಿದಂತಲ್ಲ. ಅದಕ್ಕೆ ತರಬೇತಾದ ಕೈ ಬೇಕು, ಶುದ್ಧ ನೀರು, ಬಿಸಿ ಊಟ, ಶೌಚದ ವ್ಯವಸ್ಥೆ ಬೇಕು, ಒಂದು ದಿನವೂ ತಪ್ಪದ ನಿಯಮ ಬೇಕು. ಅನುಭವವಿರುವ ಸಂಸ್ಥೆಗಳು ಆ ಕೆಲಸ ಮಾಡಲಿ. ಎಣಿಸುವುದು, ಕಾರ್ಡು ಓದಿ ಹೇಳುವುದು, ಅರ್ಜಿ ಬರೆಯುವುದು, ಮೂರು ತಿಂಗಳ ನಂತರ ಮತ್ತೆ ಹೋಗಿ ಕೇಳುವುದು ನಮ್ಮಿಂದಾಗುವ ಕೆಲಸ.

‘ಅವರಲ್ಲಿ ಎಷ್ಟೋ ಜನ ಲಂಬಾಣಿಗಳು, ಮನೆಮಾತು ಕನ್ನಡವಲ್ಲ’ ಎಂದೂ ಒಬ್ಬ ಹಿರಿಯರು ನನ್ನೊಡನೆ ಅಂದರು. ಈ ಸಭೆಯಲ್ಲಿ ಮನೆಮಾತು ತುಳುವಾಗಿರುವವರು, ಕೊಂಕಣಿಯಾಗಿರುವವರು ಕೈಯೆತ್ತಿದರೆ ಅರ್ಧ ಸಭಾಗೃಹ ಕೈಯೆತ್ತೀತು. ಮಹಾಜನ ವರದಿ 1967ರಲ್ಲಿ ಬಂತು. ಗಡಿಯ ಒಂದೊಂದು ಹಳ್ಳಿಯ ಹೆಸರನ್ನೂ ಬಾಯಿಪಾಠ ಒಪ್ಪಿಸುವವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಆ ಗಡಿಯನ್ನು ದಾಟಿ ನಮ್ಮ ಬಾಗಿಲಿಗೇ ಬಂದ ಹಳ್ಳಿಯ ಬಗ್ಗೆ ನಮ್ಮ ಯಾವ ಠರಾವಿನಲ್ಲಿಯೂ ಒಂದು ಸಾಲಿಲ್ಲ.

ಸಭಾಗೃಹದ ನವೀಕರಣಕ್ಕೆ ಕಾರ್ಯಕಾರೀ ಸಮಿತಿ ಹಣ ಎತ್ತುತ್ತಿರುವುದನ್ನು ನಾನು ಬಲ್ಲೆ, ಅದಕ್ಕೆ ನನ್ನ ಅಡ್ಡಿಯಿಲ್ಲ. ಅದರಿಂದ ಬಿಡಿಕಾಸೊಂದನ್ನು ತೆಗೆದು, ಒಂದು ವರ್ಷದ ಮಟ್ಟಿಗೆ ಭಾನುವಾರಗಳ ರೈಲು-ರಿಕ್ಷಾ ಖರ್ಚಿಗೂ ದಾಖಲೆಗಳ ಜೆರಾಕ್ಸಿಗೂ ಕೊಡಬೇಕೆಂದು ಅಧ್ಯಕ್ಷರ ಮುಂದೆ ವಿನಂತಿಯನ್ನಿಟ್ಟಿದ್ದೇನೆ. ಅನುಮತಿ ಬರಲಿ, ಬಾರದಿರಲಿ, ಬರುವ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಎಂಟಕ್ಕೆ ನಾನು ಪನವೇಲ್ ಸ್ಟೇಷನ್ನಿನಲ್ಲಿರುತ್ತೇನೆ. ಕಲಬುರಗಿಯ ಕಡೆಯ ಮಾತು ಬಲ್ಲ ಹೆಂಗಸರು ಇಬ್ಬರಾದರೂ ಬೇಕು. ಮರಾಠಿಯಲ್ಲಿ ಅರ್ಜಿ ಬರೆಯಬಲ್ಲವರು ಒಬ್ಬರು. ಬರುವವರು ಉದ್ದ ರೂಳಿನ ಒಂದು ನೋಟುಪುಸ್ತಕ ತರಬೇಕು, ಟೊಪ್ಪಿಯನ್ನೋ ಕೊಡೆಯನ್ನೋ ಮರೆಯಬಾರದು, ಅಲ್ಲಿ ನೆರಳಿಲ್ಲ.