ನಲ್ಲಿ ಮೂಳೆಯನ್ನು ಬೆಳಕಿಗೆ ಹಿಡಿದಾಗ

ಮಟನ್ ಸಾರಿನ ಊಟಕ್ಕೆ ಕೂತಾಗ ನಲ್ಲಿ ಮೂಳೆ ಯಾರ ತಟ್ಟೆಗೆ ಬಿತ್ತು ಎಂಬುದಕ್ಕೆ ಎಷ್ಟೋ ಮನೆಗಳಲ್ಲಿ ಸಣ್ಣ ಜಗಳವೇ ಆಗುತ್ತದೆ. ತಟ್ಟೆಗೆ ಎರಡು ಸಲ ಕುಟ್ಟಿ, ಬಾಯಿಗಿಟ್ಟು ಹೀರಿದರೆ ಒಳಗಿನ ಮಜ್ಜೆ ಜಾರಿ ಬರುತ್ತದೆ. ಖಾಲಿಯಾದ ಮೂಳೆಯನ್ನು ಎಸೆಯುವ ಮುಂಚೆ ಒಮ್ಮೆ ಬೆಳಕಿಗೆ ಹಿಡಿದು ನೋಡಬೇಕು. ಹೊರಗೆ ಕಲ್ಲಿನಂಥ ಗಟ್ಟಿ ಗೋಡೆ, ನಡುವೆ ಪೊಳ್ಳು ಕೊಳವೆ, ಕೀಲಿನ ಕಡೆಯ ತುದಿಯಲ್ಲಿ ಬ್ರೆಡ್ಡಿನ ಹಾಗೆ ತೂತು ತೂತು. ಮನುಷ್ಯನ ತೊಡೆ ಮೂಳೆಯೂ ಹೀಗೇ ಇದೆ.

ನಲ್ಲಿಯಲ್ಲಿ ಸಿಗುವ ಮಜ್ಜೆ ಬಹುಪಾಲು ಕೊಬ್ಬು. ರಕ್ತ ತಯಾರಾಗುವುದು ಕೆಂಪು ಮಜ್ಜೆಯಲ್ಲಿ. ಹಸುಗೂಸುಗಳಲ್ಲಿ ಅದು ಹೆಚ್ಚುಕಮ್ಮಿ ಎಲ್ಲ ಮೂಳೆಗಳಲ್ಲೂ ಇರುತ್ತದೆ; ದೊಡ್ಡವರಲ್ಲಿ ಮುಖ್ಯವಾಗಿ ಸೊಂಟ, ಬೆನ್ನು, ಎದೆ, ಪಕ್ಕೆಲುಬುಗಳಲ್ಲಿ ಉಳಿದುಕೊಳ್ಳುತ್ತದೆ. ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ಅಲ್ಲಿಂದ ಹೊರಬೀಳುತ್ತವೆ. ಮಜ್ಜೆ ಪರೀಕ್ಷೆಗೆ ವೈದ್ಯರು ಸೊಂಟದ ಹಿಂಭಾಗಕ್ಕೆ ಸೂಜಿ ಹಾಕುವುದು ಅದಕ್ಕೇ.

ಇನ್ನು ಮೂಳೆಯ ಗಟ್ಟಿತನ. ಕೋಳಿ ಕಾಲಿನ ಮೂಳೆಯನ್ನು ಕೆಲವು ದಿನ ವಿನೆಗರ್‌ನಲ್ಲಿ ನೆನೆಹಾಕಿದರೆ ರಬ್ಬರಿನಂತೆ ಬಾಗುತ್ತದೆ. ಕ್ಯಾಲ್ಸಿಯಂ ಲವಣ ಕರಗಿಹೋಗಿ, ಕೊಲಾಜೆನ್ ಎಂಬ ನಾರು ಮಾತ್ರ ಉಳಿದಿರುತ್ತದೆ. ಕೆಂಡದಲ್ಲಿ ಚೆನ್ನಾಗಿ ಸುಟ್ಟರೆ ಉಲ್ಟಾ: ನಾರು ಹೋಗಿ ಲವಣ ಉಳಿಯುತ್ತದೆ, ಅದುಮಿದರೆ ಪುಡಿಪುಡಿ. ಎರಡೂ ಸೇರಿದಾಗ ಕಂಬಿ ಹಾಕಿದ ಕಾಂಕ್ರೀಟು.

ಕಾಂಕ್ರೀಟಿನ ಮಾತು ಸುಮ್ಮನೆ ಬಂದದ್ದಲ್ಲ. 1860ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಅಂಗರಚನಾ ತಜ್ಞ ಹರ್ಮನ್ ಫಾನ್ ಮೆಯರ್ ತೊಡೆ ಮೂಳೆಯ ಮೇಲ್ತುದಿಯನ್ನು ಸೀಳಿ, ಒಳಗಿನ ಜಾಲರಿಯನ್ನು ಗಮನಿಸುತ್ತಿದ್ದರು. ಅದು ಕಾರ್ಲ್ ಕುಲ್ಮನ್ ಎಂಬ ಎಂಜಿನಿಯರ್ ಕಣ್ಣಿಗೆ ಬಿತ್ತು. ಬಾಗಿದ ಕ್ರೇನ್ ಭಾರ ಎತ್ತುವಾಗ ಒತ್ತಡ ಯಾವ ಗೆರೆಗಳಲ್ಲಿ ಹರಿಯುತ್ತದೆಂದು ಕುಲ್ಮನ್ ನಕ್ಷೆ ಬರೆಯುತ್ತಿದ್ದವರು. ಮೂಳೆಯೊಳಗಿನ ಎಳೆಗಳು ಹೆಚ್ಚುಕಮ್ಮಿ ಅದೇ ಗೆರೆಗಳಲ್ಲಿ ಹೋಗಿದ್ದವು! ಭಾರ ಬದಲಾದಂತೆ ಮೂಳೆಯ ಒಳಗಟ್ಟೂ ಬದಲಾಗುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲಿ ಪುಸ್ತಕವನ್ನೇ ಬರೆದರು.

ಮೂಳೆಯಲ್ಲಿ ಕೆಡವುವ ಜೀವಕೋಶಗಳೂ ಕಟ್ಟುವ ಜೀವಕೋಶಗಳೂ ಪಾಳಿ ಪ್ರಕಾರ ಕೆಲಸ ಮಾಡುತ್ತಿರುತ್ತವೆ. ಗೋಡೆಯೊಳಗೆ ಹುದುಗಿ ಕೂತ ಮೂರನೆಯ ಬಗೆಯವು ಎಲ್ಲಿ ಭಾರ ಬೀಳುತ್ತಿದೆ ಎಂದು ಸುದ್ದಿ ಮುಟ್ಟಿಸುತ್ತವೆ. ಚಿಕ್ಕಂದಿನಿಂದ ಟೆನಿಸ್ ಆಡಿದವರ ರ‍್ಯಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದಕ್ಕಿಂತ ದಪ್ಪ. ಬಾಹ್ಯಾಕಾಶ ನಿಲ್ದಾಣದಲ್ಲಿ ದೇಹದ ಭಾರವೇ ಗೊತ್ತಾಗುವುದಿಲ್ಲ. ಅಲ್ಲಿ ಕಸರತ್ತು ಸಾಲದಿದ್ದರೆ ಸೊಂಟದ ಮೂಳೆಯ ಸಾಂದ್ರತೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಇಳಿಯುತ್ತದೆ. ಹಾಗಾಗಿ ಗಗನಯಾತ್ರಿಗಳಿಗೆ ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಡ್ಯೂಟಿಯ ಭಾಗ.

ದೇಹದ ಕ್ಯಾಲ್ಸಿಯಂನಲ್ಲಿ ಶೇ. 99ರಷ್ಟು ಮೂಳೆ, ಹಲ್ಲುಗಳಲ್ಲೇ ಇದೆ. ಆದರೆ ರಕ್ತದಲ್ಲಿರುವ ಚೂರುಪಾರು ಕಡಿಮೆಯಾದರೆ ಹೃದಯದ ಬಡಿತವೇ ಏರುಪೇರು. ಕತ್ತಿನಲ್ಲಿ ಅಕ್ಕಿಕಾಳಿನಷ್ಟಿರುವ ನಾಲ್ಕು ಗ್ರಂಥಿಗಳು ಅದನ್ನು ಕಾಯುತ್ತವೆ. ಕೊರತೆ ಕಂಡ ಕೂಡಲೇ ಅವು ಬಿಡುವ ಹಾರ್ಮೋನು ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ತರುತ್ತದೆ.

ಹೀಗೆ ಸದಾ ಕೊಡು-ಕೊಳ್ಳುವ ಮೂಳೆಗೆ ಬೇಡದ್ದೂ ಸೇರಿಕೊಳ್ಳುತ್ತದೆ. ತುಮಕೂರು ಜಿಲ್ಲೆಯ ಪಾವಗಡದ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ಕುಡಿಯುವ ನೀರಿನ ಮಿತಿ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಫ್ಲೋರೈಡ್ ಮೂಳೆಯ ಲವಣದೊಳಗೇ ಜಾಗ ಹಿಡಿಯುತ್ತದೆ. ಕಾಯಿಲೆ ಬಲಿತವರಿಗೆ ಕತ್ತು ತಿರುಗುವುದಿಲ್ಲ; ಹಿಂದಿನಿಂದ ಯಾರಾದರೂ ಕೂಗಿದರೆ ಇಡೀ ಮೈಯನ್ನೇ ತಿರುಗಿಸಬೇಕು. ಅವರ ಬೆನ್ನಿನ ಎಕ್ಸ್‌ರೇ ತೆಗೆದರೆ ಮೂಳೆ ಎಂದಿಗಿಂತ ದಪ್ಪಗೆ, ಬೆಳ್ಳಗೆ ಕಾಣುತ್ತದೆ.