ವಸೀಯತ್, ಹಿಬಾ, ವಕ್ಫ್: ನಮ್ಮಲ್ಲಿರುವ ತಪ್ಪು ತಿಳಿವಳಿಕೆಗಳು

(ಅಮರಗೋಳದಲ್ಲಿ ಸಂಘದ ಸದಸ್ಯರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)





ಮಕ್ಕಳ ಓದು, ಮದುವೆ, ನೌಕರಿಯ ಬಗ್ಗೆ ನಾವು ಮನೆಯಲ್ಲಿ ದಿನವೂ ಮಾತಾಡುತ್ತೇವೆ. ಆದರೆ ಹಿರಿಯರು ತೀರಿಕೊಂಡ ಮೇಲೆ ಆಸ್ತಿ ಯಾರಿಗೆ, ಎಷ್ಟು ಎಂಬ ಮಾತು ಬಂದರೆ "ಅದೆಲ್ಲ ಈಗ್ಯಾಕೆ?" ಎಂದು ಬಾಯಿ ಮುಚ್ಚಿಸುತ್ತೇವೆ. ನಮ್ಮ ಅಮರಗೋಳದ ಸುತ್ತ ಎಪಿಎಂಸಿ ಯಾರ್ಡ್, ನವನಗರ ಬೆಳೆದ ಮೇಲೆ ಹೊಲಗಳು ಪ್ಲಾಟುಗಳಾಗಿವೆ. ಗುಂಟೆ ಜಾಗಕ್ಕೂ ಬೆಲೆ ಬಂದಿದೆ. ಬೆಲೆ ಬಂದಲ್ಲಿ ಜಗಳವೂ ಬರುತ್ತದೆ. ಹೆಚ್ಚಿನ ಜಗಳಗಳ ಮೂಲ ದುರಾಸೆಗಿಂತ ಅಜ್ಞಾನವೇ ಆಗಿರುತ್ತದೆ. ಆದ್ದರಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇನೆ. 1937ರ ಶರೀಅತ್ ಕಾಯ್ದೆಯಡಿ ನಮಗೆ ಅನ್ವಯಿಸುವ ನಿಯಮಗಳನ್ನು ಹನಫಿ ಪಂಥದಂತೆ ಹೇಳುತ್ತೇನೆ. ಬೇರೆ ಪಂಥಗಳಲ್ಲಿ ಕೆಲವು ವ್ಯತ್ಯಾಸಗಳಿವೆ.

ಮೊದಲನೆಯ ತಪ್ಪು ತಿಳಿವಳಿಕೆ: "ನನ್ನ ಆಸ್ತಿ, ಯಾರಿಗೆ ಬೇಕಾದರೂ ಬರೆದಿಡುತ್ತೇನೆ." ಹಾಗೆ ಬರೆದಿಡಲು ಬರುವುದಿಲ್ಲ. ಮೃತರ ಆಸ್ತಿಯಿಂದ ಮೊದಲು ದಫನಿನ ಖರ್ಚು, ಆಮೇಲೆ ಸಾಲ ತೀರಬೇಕು. ಹೆಂಡತಿಗೆ ಕೊಡದೆ ಉಳಿಸಿಕೊಂಡ ಮಹರ್ ಕೂಡ ಸಾಲವೇ. ಆನಂತರ ಉಳಿದುದರಲ್ಲಿ ಮೂರನೆಯ ಒಂದು ಭಾಗದವರೆಗೆ ಮಾತ್ರ ವಸೀಯತ್ ನಡೆಯುತ್ತದೆ. ಅದೂ ವಾರಸುದಾರರಲ್ಲದವರಿಗೆ. ಈ ಮಿತಿ ಮೀರಿದರೆ, ಅಥವಾ ಒಬ್ಬ ವಾರಸುದಾರನಿಗೇ ಬರೆದರೆ, ಬರೆದವರು ತೀರಿಕೊಂಡ ಮೇಲೆ ಉಳಿದ ವಾರಸುದಾರರು ಒಪ್ಪಬೇಕು. ಹಜ್ರತ್ ಸಅದ್ ಬಿನ್ ಅಬೀ ವಕ್ಕಾಸ್ ಅವರು ಕಾಯಿಲೆ ಬಿದ್ದಾಗ ತಮ್ಮ ಸಂಪತ್ತಿನ ಹೆಚ್ಚಿನ ಭಾಗವನ್ನು ದಾನ ಮಾಡಬಯಸಿದರು. ಪ್ರವಾದಿಯವರು (ಸ) ಮೂರನೆಯ ಒಂದು ಭಾಗಕ್ಕೆ ಮಾತ್ರ ಒಪ್ಪಿ, ಅದೂ ಹೆಚ್ಚೇ ಎಂದರು. ವಾರಸುದಾರರು ಪರರ ಮುಂದೆ ಕೈಚಾಚುವಂತಾಗಬಾರದು ಎಂಬುದು ಅದರ ಕಾಳಜಿ.

ಎರಡನೆಯದು: "ತೀರಿಕೊಂಡ ಮಗನ ಮಕ್ಕಳಿಗೆ ಅವರಪ್ಪನ ಪಾಲು ತಾನಾಗಿಯೇ ಬರುತ್ತದೆ." ಇದು ಎಲ್ಲಕ್ಕಿಂತ ನೋವಿನ ತಪ್ಪು. ಅಜ್ಜನಿಗಿಂತ ಮೊದಲೇ ಮಗ ತೀರಿಕೊಂಡು, ಅಜ್ಜನಿಗೆ ಇನ್ನೊಬ್ಬ ಮಗ ಬದುಕಿದ್ದರೆ, ಆ ಅನಾಥ ಮೊಮ್ಮಕ್ಕಳು ವಾರಸುದಾರರಾಗುವುದಿಲ್ಲ. ಈಜಿಪ್ಟಿನಲ್ಲಿ 1946ರ ಕಾನೂನು, ಪಾಕಿಸ್ತಾನದಲ್ಲಿ 1961ರ ಸುಗ್ರೀವಾಜ್ಞೆ ಇಂಥ ಮೊಮ್ಮಕ್ಕಳಿಗೆ ದಾರಿ ಮಾಡಿದವು. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಆದರೆ ಅಜ್ಜನ ಕೈಯಲ್ಲಿ ವಸೀಯತ್ ಇದೆ. ಮೊಮ್ಮಕ್ಕಳು ವಾರಸುದಾರರಲ್ಲ, ಆದ್ದರಿಂದಲೇ ಅವರಿಗೆ ವಸೀಯತ್ ಸಲ್ಲುತ್ತದೆ. ಸಾಕಿಕೊಂಡ ಮಗುವಿಗೂ ಇದೇ ಮಾತು.

ಒಂದು ಲೆಕ್ಕ ನೋಡೋಣ. ಒಬ್ಬರ ಆಸ್ತಿ 40 ಲಕ್ಷ ರೂಪಾಯಿ. ದಫನ್, ಮಹರ್, ಸಾಲ ಸೇರಿ 4 ಲಕ್ಷ ಹೋದರೆ 36 ಲಕ್ಷ ಉಳಿಯಿತು. ಅನಾಥ ಮೊಮ್ಮಗನಿಗೆ ಮೂರನೆಯ ಒಂದು ಭಾಗ ಬರೆದಿಟ್ಟಿದ್ದರೆ ಅವನಿಗೆ 12 ಲಕ್ಷ. ಉಳಿದ 24 ಲಕ್ಷದಲ್ಲಿ ಹೆಂಡತಿಗೆ ಎಂಟನೆಯ ಒಂದು ಭಾಗ, ಅಂದರೆ 3 ಲಕ್ಷ. ತಂದೆತಾಯಿ ಇಲ್ಲದೆ ಇಬ್ಬರು ಗಂಡು, ಮೂವರು ಹೆಣ್ಣುಮಕ್ಕಳಿದ್ದರೆ ಪ್ರತಿ ಮಗನಿಗೆ 6 ಲಕ್ಷ, ಪ್ರತಿ ಮಗಳಿಗೆ 3 ಲಕ್ಷ. ವಸೀಯತ್ ಬರೆಯದೇ ಹೋಗಿದ್ದರೆ ಆ ಹುಡುಗನಿಗೆ ಒಂದು ಪೈಸೆಯೂ ಇಲ್ಲ. ಅವನ ಓದು ನಿಲ್ಲುವುದೂ ಮುಂದುವರಿಯುವುದೂ ಒಂದು ಹಾಳೆಯ ಮೇಲೆ ನಿಂತಿದೆ.

ಮೂರನೆಯದು: "ವರ್ದಿ ಹಾಕಿ ಉತಾರದಲ್ಲಿ ಹೆಸರು ಬಂದರೆ ಹಂಚಿಕೆ ಮುಗಿಯಿತು." ಕರ್ನಾಟಕದಿಂದಲೇ ಹೋದ ಒಂದು ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ನಮ್ಮ ಕಾನೂನಿನಲ್ಲಿ ಮಕ್ಕಳಿಗೆ ಹುಟ್ಟಿನಿಂದ ಹಕ್ಕಿಲ್ಲ. ಹಾಗಾಗಿ ತಂದೆ ಬದುಕಿರುವಾಗ ವಾಟ್ನಿ ಎಂಬುದೇ ಇಲ್ಲ. ಬದುಕಿರುವಾಗ ಕೊಡಬೇಕೆಂದರೆ ಹಿಬಾ ಮಾಡಬೇಕು. ಹಿಬಾಕ್ಕೆ ಮೂರು ಅಂಗ: ಕೊಟ್ಟೆ ಎಂದು ಸ್ಪಷ್ಟವಾಗಿ ಹೇಳಬೇಕು, ಪಡೆಯುವವರು ಒಪ್ಪಬೇಕು, ಸ್ವಾಧೀನ ಬಿಟ್ಟುಕೊಡಬೇಕು. ಹಿಬಾಕ್ಕೆ ನೋಂದಣಿ ಕಡ್ಡಾಯವಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೂ ಬರೀ ಬಾಯಿಮಾತನ್ನು ನಂಬಿ ಕೂರಬೇಡಿ. ಕಲಬುರಗಿಯ ಒಂದು ಪ್ರಕರಣದಲ್ಲಿ, ತಾಯಿ 1987ರಲ್ಲಿ 10 ಎಕರೆ ಹಿಬಾ ಮಾಡಿದ್ದರೆಂದು ಹೇಳಿ 2013ರಲ್ಲಿ ದಾವೆ ಹೂಡಲಾಯಿತು. ಸ್ವಾಧೀನಕ್ಕೆ ಗಟ್ಟಿ ಸಾಕ್ಷ್ಯವಿರಲಿಲ್ಲ, ಉತಾರದಲ್ಲಿ ಹೆಸರೂ ಇರಲಿಲ್ಲ. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆ ಹಿಬಾವನ್ನು ಒಪ್ಪಲಿಲ್ಲ. ಆದ್ದರಿಂದ ಕಾಗದವೂ ಬೇಕು, ಕಬ್ಜೆಯೂ ಬೇಕು. ಮರಣಶಯ್ಯೆಯಲ್ಲಿ ಮಾಡಿದ ಹಿಬಾ ವಸೀಯತ್ತಿನ ಮಿತಿಗೇ ಒಳಪಡುತ್ತದೆ ಎಂಬುದನ್ನೂ ಮರೆಯಬೇಡಿ.

ನಾಲ್ಕನೆಯದು: "ಮದುವೆಯಲ್ಲಿ ಕೊಟ್ಟಾಯಿತು, ಮಗಳಿಗೆ ಇನ್ನೇನು ಪಾಲು?" ಮದುವೆಯ ಖರ್ಚು ಬೇರೆ, ವಾರಸಾ ಹಕ್ಕು ಬೇರೆ. ಮಗಳ ಪಾಲು ಅಣ್ಣತಮ್ಮಂದಿರ ಔದಾರ್ಯವಲ್ಲ, ಅದು ಸೂರಾ ಅನ್ನಿಸಾದಲ್ಲಿ ನಿಗದಿಯಾದ ಹಕ್ಕು. ಅಪ್ಪ ಬದುಕಿರುವಾಗಲೇ ಮಗಳಿಂದ "ನನಗೇನೂ ಬೇಡ" ಎಂದು ಬರೆಸಿಕೊಂಡ ಕಾಗದಕ್ಕೆ ಸಾಮಾನ್ಯವಾಗಿ ಬೆಲೆಯಿಲ್ಲ. ಇನ್ನೂ ಬಾರದ ಹಕ್ಕನ್ನು ಬಿಟ್ಟುಕೊಡುವುದು ಹೇಗೆ?

ಐದನೆಯದು: "ಬ್ಯಾಂಕಿನಲ್ಲಿ ನಾಮಿನಿ ಇದ್ದವರಿಗೇ ಹಣ." ನಾಮಿನಿ ಬ್ಯಾಂಕಿನಿಂದ ಹಣ ಪಡೆಯುವ ವ್ಯಕ್ತಿ ಮಾತ್ರ. ಆ ಹಣ ವಾರಸುದಾರರಿಗೆಲ್ಲ ಸೇರಿದ್ದು.

ಆರನೆಯದು: "ವಕ್ಫ್ ಅಥವಾ ಟ್ರಸ್ಟ್ ಮಾಡಿಬಿಟ್ಟರೆ ಯಾರೂ ಕೇಳುವಂತಿಲ್ಲ." ಆರೋಗ್ಯವಂತರಾಗಿ ಬದುಕಿರುವಾಗ ಮಾಡುವ ವಕ್ಫ್ ಬೇರೆ. ವಸೀಯತ್ತಿನ ಮೂಲಕ ಮಾಡಿದರೆ ಅದಕ್ಕೂ ಮೂರನೆಯ ಒಂದು ಭಾಗದ ಮಿತಿಯಿದೆ. 2025ರ ತಿದ್ದುಪಡಿ ಕಾಯ್ದೆಯಂತೆ ಬರಹದ ವಕ್ಫ್‌ನಾಮಾ ಇಲ್ಲದೆ ಹೊಸ ವಕ್ಫ್ ಮಾಡುವಂತಿಲ್ಲ. ಸಂತತಿಗಾಗಿ ಮಾಡುವ ವಕ್ಫ್ ಹೆಣ್ಣುಮಕ್ಕಳೂ ಸೇರಿದಂತೆ ವಾರಸುದಾರರ ಹಕ್ಕನ್ನು ತಪ್ಪಿಸುವಂತಿಲ್ಲ. ಈ ಕಾಯ್ದೆಯ ಕೆಲವು ಅಂಶಗಳಿಗೆ ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 15ರಂದು ತಡೆ ನೀಡಿತು. ಆದ್ದರಿಂದ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಇಷ್ಟನ್ನೆಲ್ಲ ಕೇಳಿ "ಹಾಗಾದರೆ ವಸೀಯತ್ ಯಾಕೆ?" ಎನ್ನಬಹುದು. ವಸೀಯತ್ ಇರುವುದು ವಾರಸುದಾರರಲ್ಲಿ ಒಬ್ಬನನ್ನು ಮೇಲೆತ್ತಿ ಇನ್ನೊಬ್ಬನನ್ನು ಕೆಳಗಿಳಿಸಲಿಕ್ಕಲ್ಲ. ವಾರಸಾ ನಿಯಮದ ಕೈಗೆ ಸಿಗದ ಮೊಮ್ಮಗ, ಸಾಕುಮಗಳು, ಬಡ ಬಂಧು, ಒಂದು ಶಾಲೆ, ಇವರನ್ನೆಲ್ಲ ನೆನೆಯಲಿಕ್ಕೆ.

ಹಿರಿಯರೇ, ಈ ವಾರವೇ ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಆಸ್ತಿ, ಸಾಲ, ಮಹರ್, ಯಾರಿಂದ ಬರಬೇಕಾದ ಹಣವಿದೆ ಎಂಬುದನ್ನು ಬರೆಯಿರಿ. ವಸೀಯತ್ತನ್ನು ಬಾಯಿಮಾತಿನಲ್ಲೂ ಮಾಡಬಹುದು, ಆದರೆ ಬರೆದು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ಸಾಧ್ಯವಾದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಮನಸ್ಸು ಬದಲಾದರೆ ಬದುಕಿರುವವರೆಗೆ ಅದನ್ನು ತಿದ್ದಬಹುದು, ರದ್ದುಪಡಿಸಲೂಬಹುದು. ವಿದ್ಯಾರ್ಥಿಗಳೇ, ನಿಮ್ಮ ಅಜ್ಜ ಅಜ್ಜಿಯರ ಪಕ್ಕ ಕುಳಿತು ಬರೆದುಕೊಡುವ ಕೆಲಸ ನಿಮ್ಮದು. ನೀವು ಕಲಿತ ಅಕ್ಷರ ಮನೆಗೆ ಉಪಯೋಗವಾಗಲಿ. ಯಾವ ಮನೆಯ ಅನಾಥ ಮಗುವೂ, ಯಾವ ಮನೆಯ ಮಗಳೂ ನಮ್ಮ ಅಜ್ಞಾನದಿಂದ ಬರಿಗೈಯಲ್ಲಿ ನಿಲ್ಲದಿರಲಿ.