ಕವಿಯ ಮನೆಗೊಂದು ಇಡುಗಂಟು

(ವಾಷಿಂಗ್ಟನ್ ಆಸುಪಾಸಿನ ಕನ್ನಡಿಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಅಟ್ಲಾಂಟಾದಿಂದ, ಷಾರ್ಲಟ್ ಮತ್ತು ರಾಲೀ ಕಡೆಯಿಂದ ಕಾರು ಓಡಿಸಿಕೊಂಡು ಬಂದಿರುವ ಗೆಳೆಯರು ಇಲ್ಲಿ ಕೂತಿದ್ದೀರಿ. ಒಳಗಿನಿಂದ ಬಿಸಿಬೇಳೆಬಾತಿನ ಪರಿಮಳ ಬೇರೆ ಬರುತ್ತಿದೆ. ಊಟಕ್ಕೆ ಮುಂಚೆ ಮೈಕು ಹಿಡಿದವನ ಪಾಡು ನನಗೆ ಗೊತ್ತು. ಆದ್ದರಿಂದ ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ನಾನು ಬಂದಿರುವುದು ದುಡ್ಡು ಕೇಳಲು. ಆದರೆ ಕಟ್ಟಡ ಕಟ್ಟಲು ಅಲ್ಲ, ಪುತ್ಥಳಿ ನಿಲ್ಲಿಸಲು ಅಲ್ಲ, ಸಮ್ಮೇಳನಕ್ಕೂ ಅಲ್ಲ. ಮಂಜೇಶ್ವರದಲ್ಲಿರುವ ಗೋವಿಂದ ಪೈಗಳ ಮನೆಯಲ್ಲಿ ವರ್ಷವಿಡೀ ಕನ್ನಡದ ಕೆಲಸ ನಡೆಯುವುದಕ್ಕೆ, ಅಂದರೆ ಅಲ್ಲಿನ ಕಾರ್ಯಕ್ರಮಗಳಿಗೆ.

ಈ ಮಾತು ಕೇಳಿದ ಕೂಡಲೇ ಎರಡು ಪ್ರಶ್ನೆ ಬರುತ್ತವೆ. ಒಂದು, ಅದು ಕೇರಳದಲ್ಲಿದೆಯಲ್ಲ, ನಮಗೇಕೆ? ಎರಡು, ಅದಕ್ಕೆ ಸರ್ಕಾರ ಇದೆಯಲ್ಲ, ಮತ್ತೆ ನಮಗೇಕೆ? ಎರಡಕ್ಕೂ ಉತ್ತರ ಹೇಳುತ್ತೇನೆ. ಮೊದಲು ನಾವು ವಾಸ ಮಾಡುತ್ತಿರುವ ಈ ನಾಡಿನಲ್ಲಿ, ನಮ್ಮ ಅಕ್ಕಪಕ್ಕದಲ್ಲೇ, ಹಳೆಯ ಮನೆಗಳನ್ನು ಜನ ಹೇಗೆ ನಡೆಸುತ್ತಾರೆ ಎನ್ನುವುದನ್ನು ನೋಡೋಣ.

ಊರಿಂದ ಅಪ್ಪ ಅಮ್ಮ ಬಂದಾಗ ನಾವೆಲ್ಲ ತಪ್ಪದೆ ಕರೆದುಕೊಂಡು ಹೋಗುವ ಜಾಗ ಮೌಂಟ್ ವರ್ನನ್, ಜಾರ್ಜ್ ವಾಷಿಂಗ್ಟನ್ನನ ಮನೆ. ಅದನ್ನು ಸರ್ಕಾರ ನಡೆಸುತ್ತದೆ ಎಂದುಕೊಂಡವರೇ ನಮ್ಮಲ್ಲಿ ಹೆಚ್ಚು. ಹಾಗಲ್ಲ. 1853ರಲ್ಲಿ ದಕ್ಷಿಣ ಕೆರೊಲಿನಾದ ಒಬ್ಬ ಹೆಂಗಸು ಪೊಟೋಮ್ಯಾಕ್ ನದಿಯಲ್ಲಿ ದೋಣಿಯಲ್ಲಿ ಹೋಗುವಾಗ ಈ ಮನೆ ಪಾಳು ಬೀಳುತ್ತಿರುವುದನ್ನು ಕಂಡು ಮಗಳಿಗೆ ಕಾಗದ ಬರೆದರು. ಮಗಳ ಹೆಸರು ಆನ್ ಪಮೇಲಾ ಕನಿಂಗ್‌ಹ್ಯಾಮ್. ಆಕೆ ಆರೋಗ್ಯ ಸರಿಯಿಲ್ಲದವರು, ಬಹಳ ಸಮಯ ಹಾಸಿಗೆ ಹಿಡಿದವರು. ಕೇಂದ್ರ ಸರ್ಕಾರವಾಗಲಿ ವರ್ಜೀನಿಯಾ ರಾಜ್ಯವಾಗಲಿ ಆ ಮನೆಯನ್ನು ಕೊಳ್ಳಲು ಮುಂದೆ ಬರಲಿಲ್ಲ. ಆಕೆ ಚಾರ್ಲ್‌ಸ್ಟನ್ನಿನ ಪತ್ರಿಕೆಗೆ ಹೆಂಗಸರನ್ನು ಉದ್ದೇಶಿಸಿ ಒಂದು ಬಿನ್ನಹ ಬರೆದರು. ರಾಜ್ಯಕ್ಕೊಬ್ಬರಂತೆ ಜವಾಬ್ದಾರಿ ಹಂಚಿದರು. ಬೆಲೆ 2 ಲಕ್ಷ ಡಾಲರ್. 1858ರಲ್ಲಿ ಕರಾರು ಆಯಿತು, 1860ರ ಫೆಬ್ರವರಿಯಲ್ಲಿ ಮನೆ ಕೈಗೆ ಬಂತು. ಆ ಹಣದಲ್ಲಿ ಮೂರನೇ ಒಂದು ಪಾಲಿಗೂ ತುಸು ಹೆಚ್ಚು, ಸುಮಾರು 69 ಸಾವಿರ ಡಾಲರ್, ಎಡ್ವರ್ಡ್ ಎವರೆಟ್ ಎನ್ನುವ ಒಬ್ಬನೇ ಮನುಷ್ಯ ಊರೂರು ತಿರುಗಿ ಭಾಷಣ ಮಾಡಿ, ಪತ್ರಿಕೆಗೆ ಬರೆದು ಗಳಿಸಿಕೊಟ್ಟದ್ದು. ನನ್ನ ಭಾಷಣದಿಂದ ಅಷ್ಟು ಹುಟ್ಟುವುದಿಲ್ಲ, ಹೆದರಬೇಡಿ.

ಅದೇ ಸಂಘ ಇವತ್ತಿಗೂ ಆ ಮನೆಯ ಒಡೆತನ ಇಟ್ಟುಕೊಂಡು, ಸರ್ಕಾರದ ಅನುದಾನವಿಲ್ಲದೆ ನಡೆಸುತ್ತಿದೆ. ಆದರೆ ನಾನು ಹೇಳಬೇಕೆಂದಿರುವುದು ಕೊಂಡ ಕತೆಯನ್ನಲ್ಲ. ವಾಷಿಂಗ್ಟನ್ ಸತ್ತ 1799ರಲ್ಲಿ ಆ ತೋಟದಲ್ಲಿ 317 ಮಂದಿ ಗುಲಾಮರಿದ್ದರು. ಮನೆ ಉಳಿಸಲು ಹೊರಟ ಕನಿಂಗ್‌ಹ್ಯಾಮ್ ಕೂಡ ಗುಲಾಮರನ್ನು ಇಟ್ಟುಕೊಂಡ ಮನೆತನದವರೇ. ಬಹಳ ಕಾಲ ಆ ಮನೆ ಈ ಸಂಗತಿಯನ್ನು ಮೆಲುದನಿಯಲ್ಲೂ ಹೇಳುತ್ತಿರಲಿಲ್ಲ. ಅಲ್ಲಿನ ಗುಲಾಮರ ಸ್ಮಾರಕ ಎದ್ದದ್ದು 1983ರಲ್ಲಿ. ಈಗ ಅವರ ಬದುಕನ್ನೇ ಹೇಳುವ ಪ್ರತ್ಯೇಕ ಸುತ್ತಾಟವಿದೆ, ಪ್ರದರ್ಶನಗಳು ನಡೆದಿವೆ. ಗೋಡೆಗಳು ಅವೇ. ಬದಲಾದದ್ದು ಮನೆಯೊಳಗೆ ಏನನ್ನು ಹೇಳುತ್ತಾರೆ ಎನ್ನುವುದು. ಅದಕ್ಕೆ ಓದಿದವರು ಬೇಕು, ಹುಡುಕುವವರು ಬೇಕು, ಬಂದವರಿಗೆ ತಾಳ್ಮೆಯಿಂದ ವಿವರಿಸುವವರು ಬೇಕು. ಅವರಿಗೆಲ್ಲ ತಿಂಗಳ ಸಂಬಳ ಬೇಕು.

ನದಿಯ ಆಚೆ ದಡದಲ್ಲಿ, ಅನಕೋಸ್ಟಿಯಾದ ಗುಡ್ಡದ ಮೇಲೆ ಇನ್ನೊಂದು ಮನೆಯಿದೆ. ಅಲ್ಲಿಗೆ ನಮ್ಮವರು ಹೋಗುವುದು ಕಡಿಮೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೇಶಕ್ಕೇ ಬುದ್ಧಿ ಹೇಳಿದ ಫ್ರೆಡರಿಕ್ ಡಗ್ಲಸ್‌ನ ಮನೆ ಅದು. 1895ರಲ್ಲಿ ಅವನು ತೀರಿಕೊಂಡಾಗ ಉಯಿಲಿನಲ್ಲಿ ಸಾಕ್ಷಿ ಸಹಿಗಳು ಕಡಿಮೆ ಬಿದ್ದು, ಮನೆ ಹೆಂಡತಿ ಹೆಲನ್‌ಗೆ ನೇರವಾಗಿ ದಕ್ಕಲಿಲ್ಲ. ಆಕೆ ಸಾಲ ಮಾಡಿ ಮಕ್ಕಳಿಂದ ಅದನ್ನು ಕೊಂಡರು, ಸಾಲ ತೀರಿಸಲು ಉಪನ್ಯಾಸ ಕೊಡುತ್ತ ತಿರುಗಿದರು. 1903ರಲ್ಲಿ ಆಕೆ ತೀರಿಕೊಂಡಾಗಲೂ ಸಾಲ ಉಳಿದಿತ್ತು. ಕೊನೆಗೆ 1916ರಲ್ಲಿ ಕರಿಯ ಹೆಂಗಸರ ಕ್ಲಬ್ಬುಗಳ ರಾಷ್ಟ್ರೀಯ ಒಕ್ಕೂಟ, ಮೇರಿ ಟಾಲ್ಬರ್ಟ್ ಮುಂದಾಳುತನದಲ್ಲಿ, ಆ ಹೊರೆ ಹೊತ್ತುಕೊಂಡಿತು. ಸದಸ್ಯೆಯರಲ್ಲಿ ಶಾಲೆಯ ಟೀಚರುಗಳು, ಬಟ್ಟೆ ಒಗೆದು ಬದುಕಿದವರು, ಎಲ್ಲರೂ ಇದ್ದರು. ದೊಡ್ಡ ಕಾಣಿಕೆ ಎನಿಸಿಕೊಂಡದ್ದು ಮೇಡಮ್ ಸಿ. ಜೆ. ವಾಕರ್ ಕೊಟ್ಟ 500 ಡಾಲರ್. ಉಳಿದದ್ದೆಲ್ಲ ಚಿಲ್ಲರೆ. 1918ರಲ್ಲಿ ಸಾಲದ ಪತ್ರವನ್ನು ಸಭೆಯಲ್ಲೇ ಸುಟ್ಟರು. 1962ರಲ್ಲಿ ಮನೆ ಸರ್ಕಾರದ ರಾಷ್ಟ್ರೀಯ ಉದ್ಯಾನ ಇಲಾಖೆಯ ಕೈ ಸೇರಿತು.

ಅಲ್ಲಿ ನನಗೆ ಮನಸ್ಸಿಗೆ ಹಿಡಿಸಿದ್ದು ಮಕ್ಕಳ ಭಾಷಣ ಸ್ಪರ್ಧೆ. ಶಾಲೆಯ ಹುಡುಗ ಹುಡುಗಿಯರು ಡಗ್ಲಸ್‌ನ ಭಾಷಣದ ಒಂದು ಭಾಗವನ್ನು ಬಾಯಿಪಾಠ ಮಾಡಿ, ಅವನ ಧಾಟಿಯಲ್ಲೇ ನಿಂತು ಹೇಳುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ಅವನ ಕನ್ನಡಕ ನೋಡಿದ ಮಗು ಮನೆಗೆ ಹೋಗುವಷ್ಟರಲ್ಲಿ ಮರೆಯುತ್ತದೆ. ಅವನ ಮಾತನ್ನು ಬಾಯಲ್ಲಿ ಹಿಡಿದ ಮಗು ಮರೆಯುವುದಿಲ್ಲ.

ಅಟ್ಲಾಂಟಾದವರಿಗೆ ರೆನ್ಸ್ ನೆಸ್ಟ್ ಗೊತ್ತಿರಬಹುದು. ಅಂಕಲ್ ರೀಮಸ್ ಕತೆಗಳನ್ನು ಬರೆದ ಜೋಯೆಲ್ ಚಾಂಡ್ಲರ್ ಹ್ಯಾರಿಸ್‌ನ ಮನೆ. 1908ರಲ್ಲಿ ಅವನು ತೀರಿಕೊಂಡ ಮೇಲೆ ಒಂದು ಸಂಘ ಹಣ ಕೂಡಿಸಿ 1913ರಲ್ಲಿ ಅದನ್ನು ವಸ್ತುಸಂಗ್ರಹಾಲಯ ಮಾಡಿತು. ಆ ಮೊಲ, ನರಿಯ ಕತೆಗಳು ಅವನು ಹುಡುಗನಾಗಿದ್ದಾಗ ತೋಟದ ಗುಲಾಮರ ಬಾಯಿಂದ ಕೇಳಿದವು. ಆದರೆ ಕತೆ ಹೇಳಿದವರ ಮೊಮ್ಮಕ್ಕಳಿಗೇ ದಶಕಗಳ ಕಾಲ ಆ ಮನೆಯೊಳಗೆ ಪ್ರವೇಶ ಇರಲಿಲ್ಲ! ಮುಂದೆ ಬಾಗಿಲು ತೆರೆಯಿತು, ಕರಿಯ ಕತೆಗಾರರೇ ಅಲ್ಲಿ ಕುಳಿತು ಮಕ್ಕಳಿಗೆ ಕತೆ ಹೇಳತೊಡಗಿದರು. ನನ್ನ ಅಭಿಪ್ರಾಯ ಕೇಳಿದರೆ ಆ ಮನೆಯ ಮರ್ಯಾದೆ ಉಳಿಸಿದ್ದು ಕತೆಗಾರರು, ಹಳೆಯ ಕುರ್ಚಿ ಮೇಜುಗಳಲ್ಲ.

ಕೆರೊಲಿನಾದವರಿಗೆ ಟ್ರೈಯನ್ ಎಂಬ ಸಣ್ಣ ಊರು ಗೊತ್ತು. ಹಾಡುಗಾರ್ತಿ ನೀನಾ ಸಿಮೋನ್ ಹುಟ್ಟಿದ ಮೂರು ಕೋಣೆಯ ಮನೆ ಅಲ್ಲಿದೆ. 2017ರಲ್ಲಿ ನಾಲ್ವರು ಕಲಾವಿದರು ಸೇರಿ 95 ಸಾವಿರ ಡಾಲರಿಗೆ ಕೊಂಡರು. 2023ರಲ್ಲಿ ಚಿತ್ರಗಳ ಹರಾಜು ಮತ್ತು ಒಂದು ಔತಣಕೂಟದಿಂದ ಸುಮಾರು 60 ಲಕ್ಷ ಡಾಲರ್ ಎತ್ತಿದರು. ಕೊಂಡ ಬೆಲೆಯ ಅರವತ್ತು ಪಟ್ಟು! ಮೂರು ಕೋಣೆಗೆ ಅಷ್ಟು ಸುಣ್ಣಬಣ್ಣ ಬೇಕಿಲ್ಲ. ರಿಪೇರಿಯ ಆಚೆಗೂ ಮನೆ ಬದುಕಿರಬೇಕು ಎನ್ನುವುದು ಅವರಿಗೆ ಮೊದಲೇ ತಿಳಿದಿತ್ತು. ಇನ್ನೊಂದು ವಿಷಯ: ಆ ಹುಡುಗಿ ಚಿಕ್ಕವಳಿದ್ದಾಗ ಅವಳ ಪಿಯಾನೋ ಟೀಚರ್ ಊರಿನವರಿಂದ ಚಂದಾ ಎತ್ತಿ ಅವಳ ಓದಿಗೆ ಒಂದು ನಿಧಿ ಮಾಡಿದ್ದರು. ಆ ನಿಧಿ ಇಲ್ಲದಿದ್ದರೆ ಇವತ್ತು ಉಳಿಸುವುದಕ್ಕೆ ಮನೆ ಇರುತ್ತಿತ್ತು, ಕಾರಣ ಇರುತ್ತಿರಲಿಲ್ಲ.

ಈಗ ನಮ್ಮ ಕಡೆಗೆ ಬರುತ್ತೇನೆ. ಕಟ್ಟಡ ಉಳಿಸುವ ಗಲಾಟೆಗೆ ನಮ್ಮಲ್ಲೂ ಜನ ಸೇರುತ್ತಾರೆ. 2011ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಮನೆ ಒಡೆಯಲು ಶುರುವಾದಾಗ ಪತ್ರಿಕೆಗಳೆಲ್ಲ ಬರೆದವು, ಕೆಲಸ ನಿಂತಿತು, ಸರ್ಕಾರದ ಹಣದಲ್ಲಿ ಮನೆ ಕೊಂಡು 2016ರಲ್ಲಿ ವಸ್ತುಸಂಗ್ರಹಾಲಯ ತೆರೆದರು. ಒಳ್ಳೆಯದೇ. ಕುಪ್ಪಳಿಯ ಕವಿಮನೆಯಿಂದ 2015ರ ನವೆಂಬರಿನಲ್ಲಿ ಕುವೆಂಪು ಅವರ ಪದ್ಮ ಪದಕಗಳನ್ನೇ ಕಳ್ಳರು ಕದ್ದರು. ಜನ ಕುಪ್ಪಳಿಗೆ ಹೋಗುವುದು ನಿಂತಿತೇ? ಇಲ್ಲ. ಅವರು ಪದಕ ನೋಡಲು ಹೋಗುತ್ತಿರಲಿಲ್ಲ.

ಮಂಜೇಶ್ವರದ ಸಂಗತಿ ಇನ್ನೂ ಸೂಕ್ಷ್ಮ. ಗೋವಿಂದ ಪೈಗಳು ಹುಟ್ಟಿದ್ದು 1883ರ ಮಾರ್ಚ್ 23ರಂದು. ಪದ್ಯದಲ್ಲಿ ಎರಡನೆಯ ಅಕ್ಷರದ ಪ್ರಾಸ ಬಿಟ್ಟರೂ ಕನ್ನಡ ಕನ್ನಡವಾಗಿಯೇ ಇರುತ್ತದೆ ಎಂದು ನೂರು ವರ್ಷಕ್ಕೂ ಹಿಂದೆ ಬರೆದು ತೋರಿಸಿ ಬೈಸಿಕೊಂಡವರು. 1949ರಲ್ಲಿ ಅವರಿಗೆ ರಾಷ್ಟ್ರಕವಿ ಎಂಬ ಬಿರುದು ಕೊಟ್ಟದ್ದು ಮದರಾಸು ಸರ್ಕಾರ, ಆಗ ಮಂಜೇಶ್ವರ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. 1963ರ ಸೆಪ್ಟೆಂಬರಿನಲ್ಲಿ ತೀರಿಕೊಳ್ಳುವವರೆಗೆ ಕೊನೆಯ ಏಳು ವರ್ಷ ಕನ್ನಡದ ಮೊದಲ ರಾಷ್ಟ್ರಕವಿ ಕೇರಳದ ನಿವಾಸಿ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು, ಅದು ಹಾಗೇ ಕಡತದಲ್ಲಿ ಉಳಿದದ್ದು ನಿಮಗೆಲ್ಲ ಗೊತ್ತು.

ಗಡಿಯ ಜಗಳ ಯಾವಾಗ ಮುಗಿಯುತ್ತದೋ ನಾನು ಹೇಳಲಾರೆ. ಆದರೆ ಅಲ್ಲಿ ಕನ್ನಡ ಶಾಲೆಗೆ ಹೋಗುವ ಮಗು ಅದು ಮುಗಿಯುವವರೆಗೆ ಕಾಯುವುದಿಲ್ಲ, ದೊಡ್ಡದಾಗಿಬಿಡುತ್ತದೆ. 2017ರಲ್ಲಿ ಕೇರಳ ಮಲಯಾಳ ಕಲಿಕೆಯನ್ನು ಶಾಲೆಗಳಲ್ಲಿ ಕಡ್ಡಾಯ ಮಾಡುವ ಕಾನೂನು ತಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಅದೇ ವರ್ಷ ಕವಿಯ ಮನೆಯಂಗಳದಲ್ಲಿ ಕರ್ನಾಟಕ ಮತ್ತು ಕೇರಳ ಎರಡೂ ಸರ್ಕಾರಗಳು ಕೈಜೋಡಿಸಿದ 'ಗಿಳಿವಿಂಡು' ಸ್ಮಾರಕ ಉದ್ಘಾಟನೆ ಆಯಿತು. ಎರಡೂ ನಿಜ. ಅವರನ್ನು ಬೈಯುವ ಮಿಂಚಂಚೆಗಳನ್ನು ನಾವು ಬೇಕಾದಷ್ಟು ಕಳಿಸಿದ್ದೇವೆ. ತೆರೆದಿರುವ ಬಾಗಿಲಿನೊಳಗೆ ಏನಾದರೂ ಮಾಡೋಣ ಎನ್ನುವ ಮಿಂಚಂಚೆ ಕಡಿಮೆ.

ಸರ್ಕಾರ ಇದೆಯಲ್ಲ ಎನ್ನುವ ಪ್ರಶ್ನೆಗೆ ಉತ್ತರ ಇಷ್ಟೇ. ಸರ್ಕಾರಕ್ಕೆ ಕಟ್ಟಡ ಕಟ್ಟುವುದು ಸುಲಭ, ಅದಕ್ಕೆ ಟೆಂಡರ್ ಇದೆ, ಉದ್ಘಾಟನೆ ಇದೆ, ಕಲ್ಲಿನ ಮೇಲೆ ಹೆಸರಿದೆ. ಇಪ್ಪತ್ತೈದು ಮಕ್ಕಳನ್ನು ಶನಿವಾರ ಬೆಳಿಗ್ಗೆ ವ್ಯಾನಿನಲ್ಲಿ ಕರೆತಂದು, ಪದ್ಯ ಓದಿಸಿ, ತಿಂಡಿ ಕೊಟ್ಟು, ಮನೆಗೆ ಬಿಡುವುದಕ್ಕೆ ಟೆಂಡರ್ ಕರೆಯಲು ಬರುವುದಿಲ್ಲ. ಪೈಗಳ ಪುಸ್ತಕ ಭಂಡಾರ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಸಂಶೋಧನ ಕೇಂದ್ರಕ್ಕೆ ಹೋಗಿದೆ, ಅಲ್ಲಿ ಅದು ಕ್ಷೇಮ. ಹಾಗಾದರೆ ಮಂಜೇಶ್ವರದ ಮನೆಯಲ್ಲಿ ಇರಬೇಕಾದದ್ದು ಏನು? ಓದು, ಹಾಡು, ತಾಳಮದ್ದಳೆ. ಯಕ್ಷಗಾನದ ಪಾರ್ತಿಸುಬ್ಬನ ಊರು ಕುಂಬಳೆ ಪಕ್ಕದಲ್ಲೇ ಇದೆ. ಹಾಡುವವರಿಗೆ, ಅರ್ಥ ಹೇಳುವವರಿಗೆ ಅಲ್ಲಿ ಬರವಿಲ್ಲ. ಅವರಿಗೆ ಗೌರವಧನ, ಮಕ್ಕಳಿಗೆ ವಾಹನ, ಇದನ್ನೆಲ್ಲ ಹೊಂದಿಸಲು ಒಬ್ಬ ಮನುಷ್ಯ, ಇಷ್ಟು ಬೇಕು.

ಲೆಕ್ಕ ಹೇಳುತ್ತೇನೆ, ನಾವೆಲ್ಲ ಲೆಕ್ಕದವರೇ. 200 ಮನೆಗಳು ತಲಾ 500 ಡಾಲರ್ ಕೊಟ್ಟರೆ 1 ಲಕ್ಷ ಡಾಲರ್ ಇಡುಗಂಟು. ಎರಡು ವರ್ಷಕ್ಕೆ ಹಂಚಿದರೆ ತಿಂಗಳಿಗೆ 21 ಡಾಲರಿಗೂ ಕಡಿಮೆ. ಗಂಟು ಮುಟ್ಟದೆ ವರ್ಷಕ್ಕೆ ನೂರಕ್ಕೆ 4ರಂತೆ ತೆಗೆದರೆ 4,000 ಡಾಲರ್. ಡಾಲರಿಗೆ 85 ರೂಪಾಯಿ ಎಂದು ಹಿಡಿದರೂ 3 ಲಕ್ಷ 40 ಸಾವಿರ, ತಿಂಗಳಿಗೆ 28 ಸಾವಿರ. ನಿಮ್ಮ ಕಂಪನಿ ನಿಮ್ಮ ದೇಣಿಗೆಗೆ ಸರಿಸಮ ಸೇರಿಸುವುದಾದರೆ ಇದು ಎರಡು ಪಟ್ಟು. ಆ ಅರ್ಜಿ ತುಂಬುವುದಕ್ಕೆ ಹತ್ತು ನಿಮಿಷ ಸಾಕು, ಆದರೂ ನಮ್ಮಲ್ಲಿ ಎಷ್ಟೋ ಜನ ತುಂಬುವುದಿಲ್ಲ. ಇದನ್ನು ಸ್ವಲ್ಪ ಸಿಟ್ಟಿನಿಂದಲೇ ಹೇಳುತ್ತಿದ್ದೇನೆ.

ಕಾನೂನಿನ ಮಾತು ಬೇಸರ ತರಿಸುತ್ತದೆ, ಆದರೂ ಬಿಡುವ ಹಾಗಿಲ್ಲ. ಭಾರತದಲ್ಲಿ ಹಣ ಪಡೆಯುವ ಸಂಸ್ಥೆಗೆ ವಿದೇಶಿ ದೇಣಿಗೆ ಕಾಯಿದೆಯಡಿ ಅನುಮತಿ ಇರಬೇಕು. 2020ರ ತಿದ್ದುಪಡಿಯ ಮೇಲೆ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬೀಳಬೇಕು. ಪಡೆದವರು ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತಕ್ಕೆ ನೂರಕ್ಕೆ 20ಕ್ಕಿಂತ ಹೆಚ್ಚು ಬಳಸುವಂತಿಲ್ಲ. ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪಾಸ್‌ಪೋರ್ಟ್ ತೆಗೆದುಕೊಂಡವರದು, ಓಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಇಲ್ಲಿ ತೆರಿಗೆ ವಿನಾಯಿತಿ ಬೇಕಾದರೆ 501(ಸಿ)(3) ಮಾನ್ಯತೆ ಇರುವ ಇಲ್ಲಿನ ಸಂಸ್ಥೆಗೇ ಕೊಡಬೇಕು. ಆ ಸಂಸ್ಥೆ ಬರೀ ಅಂಚೆಯವನಂತೆ ಹಣ ದಾಟಿಸಿದರೆ ಸಾಲದು, ಖರ್ಚಿನ ಮೇಲೆ ಹಿಡಿತ ಇಟ್ಟಿರಬೇಕು. ಇವೆಲ್ಲ ಆಗುವವರೆಗೆ ಒಂದು ಡಾಲರನ್ನೂ ಅಲ್ಲಿಗೆ ಕಳಿಸುವುದು ಬೇಡ ಎನ್ನುವುದು ನನ್ನ ನಿಲುವು.

ಇನ್ನೊಂದು ಷರತ್ತು. ಏನು ಕಾರ್ಯಕ್ರಮ ಬೇಕು ಎನ್ನುವುದನ್ನು ಮಂಜೇಶ್ವರದವರು ಹೇಳಬೇಕು, ಅಲ್ಲಿನ ಟೀಚರುಗಳು ಹೇಳಬೇಕು. ನಾವು ವರ್ಜೀನಿಯಾದಲ್ಲಿ ಕೂತು ಪಟ್ಟಿ ಮಾಡಿ ಕಳಿಸುವುದಲ್ಲ. ಮಲಯಾಳ, ತುಳು, ಕೊಂಕಣಿ ಮನೆಮಾತಿನ ಮಕ್ಕಳೂ ಬರಲಿ. ಪೈಗಳ ಮನೆಮಾತು ಕೊಂಕಣಿ. ದಾನಿಗಳ ಹೆಸರಿನ ಅಮೃತಶಿಲೆಯ ಫಲಕ ಬೇಡ, ಆ ದುಡ್ಡಿಗೆ ಮಕ್ಕಳಿಗೆ ಎರಡು ಸಲ ವ್ಯಾನು ಆಗುತ್ತದೆ.

ಬಾಗಿಲ ಪಕ್ಕದ ಮೇಜಿನ ಮೇಲೆ ಒಂದು ಹಾಳೆ ಇಟ್ಟಿದ್ದೇನೆ. ಇವತ್ತು ಚೆಕ್ ಬೇಡ. ಹೆಸರು, ಮಿಂಚಂಚೆ, ಯಾವ ಊರು, ನಿಮ್ಮ ಕಂಪನಿ ಸರಿಸಮ ಕೊಡುತ್ತದೆಯೇ ಇಲ್ಲವೇ, ಇಷ್ಟು ಬರೆಯಿರಿ. ಲೆಕ್ಕ ಪರಿಶೋಧನೆ ಗೊತ್ತಿರುವವರು ಇಬ್ಬರು ಬೇಕು, ವಕೀಲರು ಒಬ್ಬರು ಬೇಕು. ಅಟ್ಲಾಂಟಾದಿಂದ ಒಬ್ಬರು, ಕೆರೊಲಿನಾದಿಂದ ಒಬ್ಬರು ಜವಾಬ್ದಾರಿ ತೆಗೆದುಕೊಂಡರೆ ಮುಂದಿನ ತಿಂಗಳು ಫೋನಿನಲ್ಲಿ ಮೊದಲ ಮಾತುಕತೆ ಮಾಡೋಣ. ಊಟ ತಯಾರಾಗಿದೆಯಂತೆ, ಹಾಳೆ ಅನ್ನದ ತಟ್ಟೆಗಿಂತ ಮೊದಲು ಸಿಗುವ ಹಾಗೆ ಇಟ್ಟಿದ್ದೇನೆ.